ಧಣಿಗಳ ಎರಡು ರೈಫಲು ಮತ್ತು ನನ್ನ ಬಲಗಣ್ಣು

ನಮ್ಮ ಮಂಗಳೂರಿನಲ್ಲಿ ಯಾವ ವಸ್ತು ಕೆಟ್ಟರೂ "ಇದರ ರಿಪೇರಿ ನನಗೆ ಗೊತ್ತಿಲ್ಲ" ಎನ್ನುವ ಮನುಷ್ಯ ಸಿಕ್ಕುವುದಿಲ್ಲ. ಆದ್ದರಿಂದ ಇಂಥ ಪ್ರಸಂಗಗಳು ಇಲ್ಲಿ ನಡೆಯುತ್ತಲೇ ಇರುತ್ತವೆ. ನಾನು ಈ ಮೊದಲು ಏನನ್ನೂ ಬರೆದವನಲ್ಲ. ಬರೆದಿದ್ದೇನೆ, ಆದರೆ ಅದು ಗೇಣಿಯ ಲೆಕ್ಕ. ಅದನ್ನು ಯಾರೂ ನಗುತ್ತ ಓದುವುದಿಲ್ಲ. ಹಾಗಾಗಿ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಗೊತ್ತಿದ್ದವರು ಸಹಿಸಿಕೊಳ್ಳಬೇಕು.

ದೇರೆಬೈಲಿನ ಒಬ್ಬ ದೊಡ್ಡ ಭೂಮಾಲಿಕರ ಮನೆಯಲ್ಲಿ ನಾನು ರೈಟರ್ ಆಗಿದ್ದೆ. ರೈಟರ್ ಎಂದರೆ ಪುಸ್ತಕ ಬರೆಯುವವನಲ್ಲ, ಗುಮಾಸ್ತ. ಅವರನ್ನು ಇಲ್ಲಿ ಧಣಿಗಳು ಎಂದಷ್ಟೇ ಕರೆಯುತ್ತೇನೆ. ಹೆಸರು ಹೇಳಲು ಧೈರ್ಯವಿಲ್ಲ. ಅವರ ಅಳಿಯ ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಆ ಮನೆಯಲ್ಲಿ ಮಾತೆಲ್ಲ ತುಳುವಿನಲ್ಲಿ. ಅದನ್ನು ಕನ್ನಡ ಮಾಡಿದವನು ನಾನು. ತಪ್ಪಿದ್ದರೆ ನನ್ನದು, ಬೈಗುಳವಿದ್ದರೆ ಅವರದು. ಇದೆಲ್ಲ ಈಗ ನಡೆಯುತ್ತಿರುವ ಯುದ್ಧಕ್ಕಿಂತ ಎಷ್ಟೋ ಮುಂಚಿನ ಸಂಗತಿ. ಇದರಲ್ಲಿ ಬರುವ ಇಂಗ್ಲಿಷ್ ದೊರೆ ವಿಲಾಯತಿಗೆ ಹೋಗಿಬಿಟ್ಟಿದ್ದಾರೆ ಎಂದು ವಿಚಾರಿಸಿಕೊಂಡೇ ಬರೆಯಲು ಕುಳಿತಿದ್ದೇನೆ.

೧. ಮೀಸೆ ಹೋದ ಬಗೆ

ಧಣಿಗಳ ಹತ್ತಿರ ಎರಡು ಹಳೆಯ ರೈಫಲುಗಳಿದ್ದವು. ಎರಡೂ ಅವರ ಸೋದರಮಾವನಿಂದ ಬಂದವು. ಅವರದು ಅಳಿಯಸಂತಾನದ ಮನೆ, ಅಂದರೆ ಅಪ್ಪನ ಆಸ್ತಿ ಮಗನಿಗಲ್ಲ, ಸೋದರಮಾವನ ಆಸ್ತಿ ಅಕ್ಕತಂಗಿಯರ ಮಗನಾದ ಅಳಿಯನಿಗೆ. ಮಾವನಿಂದ ಕೋವಿ ಬಂತು, ಕೋವಿಯ ಜೊತೆಗೆ ಅದರ ಮುಪ್ಪೂ ಬಂತು.

ಒಂದು ಸಂಜೆ ಗುಡ್ಡದಿಂದ ಗೆಣಸಿನ ಗದ್ದೆಗೆ ಇಳಿದ ಕಾಡುಹಂದಿಗೆ ಧಣಿಗಳು ಗುಂಡು ಹೊಡೆದರು. ಹಂದಿ ಮೂಡುದಿಕ್ಕಿಗೆ ಓಡಿತು. ಹೊಗೆ ಮಾತ್ರ ಪಡುದಿಕ್ಕಿಗೆ, ಅಂದರೆ ಧಣಿಗಳು ನಿಂತಿದ್ದ ಕಡೆಗೆ ಬಂತು. ಹೊಗೆ ಕರಗಿದಾಗ ಅವರ ಬಲಭಾಗದ ಮೀಸೆ ಇರಲಿಲ್ಲ.

ಇದು ಯಾಕೆ ಹೀಗಾಯಿತು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಇಂಥ ರೈಫಲಿಗೆ ತೋಟೆಯನ್ನು ಹಿಂದಿನಿಂದ ಹಾಕುತ್ತಾರೆ. ತೋಟೆ ಎಂದರೆ ಮದ್ದು ತುಂಬಿದ ಹಿತ್ತಾಳೆಯ ಕೊಳವೆ, ಅದರ ತುದಿಯಲ್ಲಿ ಗುಂಡು. ತೋಟೆ ಒಳಗೆ ಕೂತ ಮೇಲೆ ಹಿಂದಿನಿಂದ ಬೋಲ್ಟು ಎಂಬ ಕಬ್ಬಿಣದ ತುಂಡು ಚಿಲಕದ ಹಾಗೆ ಅದನ್ನು ಮುಚ್ಚುತ್ತದೆ. ಬೋಲ್ಟಿಗೆ ಎರಡು ಕಿವಿಗಳುಂಟು. ಅವು ಗಟ್ಟಿಯಾಗಿ ಹಿಡಿದುಕೊಂಡರೆ ತೋಟೆ ಅಲ್ಲಾಡುವುದಿಲ್ಲ. ಕಿವಿ ಸವೆದರೆ ತೋಟೆಗೂ ಬೋಲ್ಟಿಗೂ ನಡುವೆ ಸಂದು ಬೀಳುತ್ತದೆ. ಚಿಲಕ ಸವೆದರೆ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತದಲ್ಲ, ಹಾಗೆ. ಗಾಳಿಯ ಬದಲು ಬೆಂಕಿ ಹತ್ತಿದ ಮದ್ದು ಎಂದು ಭಾವಿಸಿ. ಹಿತ್ತಾಳೆ ಹರಿದು ಉರಿ ಹಿಂದಕ್ಕೆ ಬರುತ್ತದೆ. ಹಿಂದೆ ಇರುವುದು ಹೊಡೆಯುವವನ ಬಲಗಣ್ಣು.

ಮರುದಿನ ಧಣಿಗಳು ಎಡಭಾಗದ ಮೀಸೆಯನ್ನೂ ಬೋಳಿಸಿಕೊಂಡು, "ಹರಕೆ ಇತ್ತು" ಎಂದು ಊರಿಗೆ ಹೇಳಿದರು. ಊರು ತಲೆಯಾಡಿಸಿತು. ಮನೆಗೆ ಮೀನು ತರುತ್ತಿದ್ದ ಬೋಳಾರದ ಹೆಂಗಸು ಮಾತ್ರ ಬುಟ್ಟಿ ಇಳಿಸಿ, ಅವರ ಮುಖವನ್ನು ಚೆನ್ನಾಗಿ ನೋಡಿ ಕೇಳಿದಳು:

"ಮೀಸೆ ಕೊಡುವ ಹರಕೆ ಗೊತ್ತುಂಟು ಧಣಿ. ಒಂದೇ ಕಣ್ಣಿನ ರೆಪ್ಪೆ ಸುಡುವ ಹರಕೆ ಯಾವ ದೇವಸ್ಥಾನದ್ದು?"

೨. ಅಳಿಯನ ಮರ್ಯಾದೆ

ಧಣಿಗಳಿಗೆ ರಾವ್ ಬಹದ್ದೂರ್ ಎನಿಸಿಕೊಳ್ಳುವ ಆಸೆಯಿತ್ತು. ಮಳೆ ನಿಂತ ಮೇಲೆ ದೊಡ್ಡ ದೊರೆ, ಅಂದರೆ ಜಿಲ್ಲೆಯ ಕಲೆಕ್ಟರರು, ತಮ್ಮ ಗುಡ್ಡಕ್ಕೆ ಹಂದಿ ಶಿಕಾರಿಗೆ ಬರಲು ಒಪ್ಪುವ ಹಾಗೆ ಅವರು ಯಾರು ಯಾರಿಂದಲೋ ಹೇಳಿಸಿದ್ದರು. ಶಿಕಾರಿಯ ಮೊದಲ ಗುಂಡು ತಮ್ಮ ಮನೆಯ ಕೋವಿಯಿಂದಲೇ ಹಾರಬೇಕು ಎಂಬುದು ಅವರ ಹಟ. ಆದ್ದರಿಂದ ಎರಡೂ ರೈಫಲು ರಿಪೇರಿಯಾಗಬೇಕು. ರಿಪೇರಿಯಾದ ಮೇಲೆ ಯಾರಾದರೂ ಒಮ್ಮೆ ಹೊಡೆದು ನೋಡಬೇಕು.

ಧಣಿಗಳು ಅಳಿಯನನ್ನು ಕರೆದರು. "ನಾಳೆ ಈ ಮನೆ, ಈ ಕೋವಿ ಎಲ್ಲ ನಿನ್ನದೇ. ಮೊದಲು ನೀನೇ ಹೊಡೆದು ನೋಡು."

ಅಳಿಯ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದರು. "ಎಂತ ಮಾತು ಮಾವ! ನೀವು ಇರುವಾಗ ನಾನು ಕೋವಿಗೆ ಕೈ ಹಾಕುವುದಾ? ಊರವರು ಉಗೀಲಿಕ್ಕಿಲ್ವಾ? ನೀವೇ ಹೊಡೀಬೇಕು."

"ನಾನು ಹೊಡೆದು ನನಗೆ ಎಂತಾದ್ರೂ ಆದ್ರೆ?"

"ಮನೆ ನಾನು ನೋಡ್ಕೊಳ್ತೇನೆ ಮಾವ. ನಿಮಗೆ ಅದರ ಚಿಂತೆಯೇ ಬೇಡ."

"ನೋಡ್ಕೊಳ್ತಿ, ನೋಡ್ಕೊಳ್ತಿ," ಎಂದರು ಧಣಿಗಳು. ಸ್ವಲ್ಪ ಹೊತ್ತು ಇಬ್ಬರೂ ಒಬ್ಬರನ್ನೊಬ್ಬರು ಪ್ರೀತಿಯಿಂದ ನೋಡಿದರು. ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನಾನು ಮೂಲೆಯಲ್ಲಿ ಕೂತು ಬರೆಯುತ್ತಿದ್ದೆ.

"ರೈಟ್ರೇ," ಎಂದರು ಧಣಿಗಳು, "ಲೆಕ್ಕ ಬರೀಲಿಕ್ಕೆ ಒಂದು ಕಣ್ಣು ಸಾಕಲ್ವಾ?"

೩. ಹಿಂದಿನ ತೂತು

ಹೀಗೆ ರೈಫಲು ರಿಪೇರಿ ಎಂಬುದು ಧಣಿಗಳಿಗೆ ಬಿರುದಿನ ಪ್ರಶ್ನೆಯಾಗಿತ್ತು, ನನಗೆ ಕಣ್ಣಿನ ಪ್ರಶ್ನೆಯಾಯಿತು. ಊರಿನ ಅತ್ಯುತ್ತಮ ಕೋವಿ ಮಿಸ್ತ್ರಿಯನ್ನು ಹುಡುಕಲು ನನ್ನಷ್ಟು ಆತುರ ಬೇರೆ ಯಾರಿಗೂ ಇರಲಿಲ್ಲ. ರೈಫಲುಗಳನ್ನು ಚಾಪೆಯಲ್ಲಿ ಸುತ್ತಿ, ಎತ್ತಿನ ಗಾಡಿಯಲ್ಲಿ ಇಟ್ಟುಕೊಂಡು ಹೊರಟೆ.

ಮೊದಲು ಹೋದದ್ದು ಕೊಟ್ಟಾರದ ಕಡೆ ಒಬ್ಬ ಆಚಾರಿಯ ಕುಲುಮೆಗೆ. ಅವರು ನಾಡಕೋವಿ ಮಾಡುವುದರಲ್ಲಿ ಹೆಸರಾದವರು. ನಾಡಕೋವಿ ಎಂದರೆ ಬಾಯಿಯಿಂದ ಮದ್ದು ಗಿಡಿಯುವ ಕೋವಿ. ಅದರ ಹಿಂದುಗಡೆ ಗಟ್ಟಿ ಕಬ್ಬಿಣ. ಹಿಂದಿನಿಂದ ತೆರೆಯುವ ಕೋವಿಯನ್ನು ಅವರು ಅಲ್ಲಿಯವರೆಗೆ ನೋಡಿರಲಿಲ್ಲ. ಅದನ್ನು ಅವರು ಹೇಳಲಿಲ್ಲ, ನನಗೆ ಆಮೇಲೆ ತಿಳಿಯಿತು.

ನಾನು ಸಂದಿನ ವಿಷಯ ವಿವರಿಸುತ್ತಿದ್ದಾಗ ಅವರು ಬೋಲ್ಟನ್ನು ತೆಗೆದುಕೊಂಡು ಅದರ ಕಿವಿಗಳಿಗೆ ಅರ ಹಾಕತೊಡಗಿದರು. ಕೈಗೆ ಕಬ್ಬಿಣ ಬಂದರೆ ಅವರ ಅರ ತಾನಾಗಿಯೇ ಓಡುತ್ತದೆ. ಕೆಲವರು ಮಾತಾಡುವಾಗ ಅಡಿಕೆ ಕತ್ತರಿಸುತ್ತಾರಲ್ಲ, ಹಾಗೆ. ನಾನು ಮಾತು ಮುಗಿಸುವಷ್ಟರಲ್ಲಿ ಎರಡೂ ಬೋಲ್ಟುಗಳ ಕಿವಿ ಮತ್ತಷ್ಟು ತೆಳ್ಳಗಾಗಿತ್ತು.

"ಅಯ್ಯೋ, ಅದನ್ನು ಯಾಕೆ ಸವೆಸ್ತೀರಿ?" ಎಂದೆ.

"ತುಕ್ಕು ಉಂಟು ಮಾರಾಯ್ರೆ. ಈಗ ಸುರುವಿನಿಂದ ಹೇಳಿ, ಹೊಗೆ ಎಲ್ಲಿಂದ ಬರ್ತದೆ?"

"ಹಿಂದಿನಿಂದ."

"ಹಿಂದೆ ಎಂತ ಉಂಟು?"

"ತೋಟೆ ಹಾಕುವ ತೂತು."

ಆಚಾರಿ ಅರವನ್ನು ಕೆಳಗಿಟ್ಟು ನನ್ನನ್ನು ಕನಿಕರದಿಂದ ನೋಡಿದರು. "ಮತ್ತೆ ಇಷ್ಟು ಹೊತ್ತು ಎಂತಕ್ಕೆ ಮಾತಾಡಿದ್ದು? ಆ ತೂತಿಗೆ ಕಬ್ಬಿಣ ಹಾಕಿ ಬೆಸುಗೆ ಮಾಡಿ ಕೊಡ್ತೇನೆ. ಹೊಗೆ ಬರುವ ದಾರಿಯೇ ಇಲ್ಲ!"

"ಆಗ ತೋಟೆ ಹಾಕುವುದು ಎಲ್ಲಿಂದ?"

"ಅದು ಕೋವಿಯ ವಿಷಯ ಅಲ್ಲ, ತೋಟೆಯ ವಿಷಯ. ಬೇರೆ ಯಾರನ್ನಾದ್ರೂ ಕೇಳಿ."

೪. ಒಂದು ಹನಿ ನೀರಿಲ್ಲ

ಸಂದು ಎಷ್ಟು ದೊಡ್ಡದಾಗಿದೆ ಎಂದು ಅಳೆಯಲು ನಾನೊಂದು ಉಪಾಯ ಮಾಡಿಕೊಂಡಿದ್ದೆ. ಖಾಲಿ ತೋಟೆಯ ಹಿಂಬದಿಗೆ ಪೋಸ್ಟ್ ಕಾರ್ಡಿನ ಚೂರು ಅಂಟಿಸಿ ಬೋಲ್ಟು ಮುಚ್ಚುವುದು. ಮುಚ್ಚಿದರೆ ಅಷ್ಟು ಸಂದು ಉಂಟು ಎಂದು ಅರ್ಥ. ಆಚಾರಿಯ ಹತ್ತಿರ ಹೋಗುವ ಮೊದಲು ಒಂದು ಚೂರು ಹಿಡಿಸುತ್ತಿತ್ತು. ಬಂದ ಮೇಲೆ ಎರಡು ಹಿಡಿಸಿತು.

ಅಂಗಳದಲ್ಲಿ ಕೂತು ನಾನು ಇದನ್ನು ನೋಡುತ್ತ ಬೆವರುತ್ತಿರುವಾಗ ಮೀನಿನ ಹೆಂಗಸು ಬಂದಳು.

"ಎಂತ ರೈಟ್ರೇ, ಮುಖ ಒಣಗಿದ ನಂಗು ಮೀನಿನ ಹಾಗೆ ಉಂಟು?"

ಹೇಳಿದೆ.

"ಸಂದು ಮುಚ್ಲಿಕ್ಕೆ ಇಷ್ಟು ತಿರುಗುದಾ? ನಮ್ಮ ಮನೆಯವ್ರಿಗೆ ಕೊಡಿ. ಅವರು ಮುಚ್ಚದ ಸಂದು ಈ ಕರೆಯಲ್ಲಿ ಇಲ್ಲ. ನನ್ನ ಬಾಯಿ ಒಂದು ಮಾತ್ರ ಅವರ ಕೈಯಲ್ಲಿ ಆಗ್ಲಿಲ್ಲ."

ಕರೆ ಎಂದರೆ ಕಡಲ ದಂಡೆ. ಅವಳ ಗಂಡ ದೋಣಿಗಳ ರಿಪೇರಿಯವನು. ಹಲಗೆಗಳ ನಡುವಿನ ಸಂದಿಗೆ ತೆಂಗಿನ ನಾರು ಗಿಡಿದು, ಮೇಲೆ ಗೇರೆಣ್ಣೆ ಬಳಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ನಾನು ಬೇಡ ಎನ್ನುವುದರೊಳಗೆ ಅಲ್ಲಿಗೆ ಬಂದ ಧಣಿಗಳು ಅದನ್ನು ಕೇಳಿ, "ಒಳ್ಳೆಯ ಆಲೋಚನೆ" ಎಂದರು. ಧಣಿಗಳಿಗೆ ಒಳ್ಳೆಯದೆನಿಸಿದ ಆಲೋಚನೆಯನ್ನು ಆ ಮನೆಯಲ್ಲಿ ಎರಡನೆಯ ಸಲ ಆಲೋಚಿಸುವ ಪದ್ಧತಿ ಇರಲಿಲ್ಲ.

ಕೆಲವು ದಿನ ಬಿಟ್ಟು ಬೋಳಾರಕ್ಕೆ ಹೋದೆ. ರೈಫಲುಗಳು ಮನೆಯಲ್ಲಿ ಕಾಣಲಿಲ್ಲ. ಆ ಮಹಾರಾಯ ನನ್ನನ್ನು ಹೊಳೆಯ ಬದಿಗೆ ಕರೆದುಕೊಂಡು ಹೋಗಿ, ನೀರಿನೊಳಗಿದ್ದ ಹಗ್ಗವನ್ನು ಎಳೆದ. ಹಗ್ಗದ ತುದಿಯಲ್ಲಿ ಎರಡೂ ರೈಫಲುಗಳು ಬಂದವು. ಒಂದರ ನಳಿಗೆಯ ಬಾಯಿಯಿಂದ ಒಂದು ಏಡಿ ಇಳಿದು ಹೋಯಿತು.

"ನಿನ್ನೆಯಿಂದ ನೀರಲ್ಲೇ ಉಂಟು," ಎಂದ ಅವನು ಎದೆಯುಬ್ಬಿಸಿ. "ಹಿಂದಿನ ಸಂದಿನಿಂದ ಒಂದು ಹನಿ ಒಳಗೆ ಹೋಗಿದ್ರೆ ನನ್ನನ್ನು ಕೇಳಿ."

ಬೋಲ್ಟನ್ನು ಎಳೆದೆ. ಅಲುಗಲಿಲ್ಲ. ಅವನೂ ಎಳೆದ. ಅಲುಗಲಿಲ್ಲ. "ಇದು ತೆರೆಯುವುದಿಲ್ಲವಲ್ಲ!" ಎಂದೆ.

"ತೆರೀಲಿಕ್ಕೆ ಎಂತಕ್ಕೆ?" ಎಂದು ಅವನು ಬೆರಗಾದ. "ನಾನು ಮುಚ್ಚಿದ ಮೇಲೆ ಇದುವರೆಗೆ ಯಾರೂ ತೆರೀಲಿಕ್ಕೆ ಹೇಳ್ಲಿಲ್ಲ."

೫. ಕನ್ನಡಿ

ಸೀಮೆಎಣ್ಣೆಯಲ್ಲಿ ನೆನೆಸಿ, ಕೆದಕಿ, ಹೇಗೋ ನಾರು ತೆಗೆದದ್ದಾಯಿತು. ಆದರೆ ಹೊಳೆಗೆ ಏರಿ ಬರುವ ಕಡಲಿನ ಉಪ್ಪುನೀರು ತಾಗಿ ಬೋಲ್ಟುಗಳಿಗೆ ಕೆಂಪು ತುಕ್ಕು ಹಿಡಿದಿತ್ತು. ತುಕ್ಕು ತೆಗೆಯಲು ಹೆಂಚಿನ ಕಾರ್ಖಾನೆಯೊಂದರ ಫಿಟ್ಟರನ ಹತ್ತಿರ ಹೋದೆ. ಹೆಂಚು ಒತ್ತುವ ಯಂತ್ರಗಳನ್ನೆಲ್ಲ ಅವನೇ ನೋಡಿಕೊಳ್ಳುತ್ತಿದ್ದ. ಅವನಿಗೆ ಒಂದು ಚಟವಿತ್ತು. ಅವನ ಕೈಯಿಂದ ಹೊರಗೆ ಬಂದ ಯಾವ ಕಬ್ಬಿಣವಾದರೂ ಅದರಲ್ಲಿ ಅವನ ಮುಖ ಕಾಣಬೇಕು.

"ತುಕ್ಕು ಮಾತ್ರ ತೆಗೆಯಿರಿ. ಕಿವಿಗಳನ್ನು ಮುಟ್ಟಬೇಡಿ," ಎಂದು ಹೇಳಿದೆ. ಬರುವಾಗ ಮತ್ತೊಮ್ಮೆ ಹೇಳಿದೆ. ಗೇಟಿನಿಂದ ತಿರುಗಿ ಹೋಗಿ ಇನ್ನೊಮ್ಮೆ ಹೇಳಿದೆ.

ವಾಪಸು ಕೊಡುವಾಗ ಬೋಲ್ಟುಗಳು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಕಿವಿಗಳು ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿದ್ದವು. ಹೊಳಪು ಎಲ್ಲಿಂದ ಬಂತು ಎಂದು ವಿವರಿಸಬೇಕಾಗಿಲ್ಲ, ಆದರೂ ಹೇಳುತ್ತೇನೆ: ಉಜ್ಜಿ ಉಜ್ಜಿ ಬಂದದ್ದು. ಪೋಸ್ಟ್ ಕಾರ್ಡಿನ ಚೂರುಗಳನ್ನು ಒಂದರ ಮೇಲೊಂದು ಅಂಟಿಸುತ್ತ ಹೋದೆ. ಬೋಲ್ಟು ಎಲ್ಲವನ್ನೂ ನುಂಗಿತು. ಕೊನೆಗೆ ಒಂದು ತಾಮ್ರದ ಕಾಸನ್ನು ಇಟ್ಟೆ. ಅದನ್ನೂ ನುಂಗಿತು.

"ಏನಯ್ಯಾ ಇದು! ಕಾಸು ಹಿಡಿಸುವಷ್ಟು ಸಂದು!"

"ಸಂದು ಇಲ್ಲದ ಮೆಷಿನು ಲೋಕದಲ್ಲಿ ಉಂಟಾ ಮಾರಾಯ್ರೆ?" ಎಂದ ಫಿಟ್ಟರ. "ನೀವು ಸಂದನ್ನು ಯಾಕೆ ನೋಡ್ತೀರಿ? ಪಾಲಿಶು ನೋಡಿ. ನಿಮ್ಮ ಮುಖ ಕಾಣ್ತದಾ ಇಲ್ವಾ?"

ನೋಡಿದೆ. ಕಂಡಿತು. ಎರಡು ಕಣ್ಣಿರುವ ನನ್ನ ಮುಖವನ್ನು ಅಷ್ಟು ಸ್ಪಷ್ಟವಾಗಿ ನೋಡುವುದು ಅದೇ ಕೊನೆಯ ಸಲ ಎಂದುಕೊಂಡೆ.

೬. ಇಂಗ್ಲಿಷ್ ಹೆಸರಿನ ಕಾಯಿಲೆ

ಕೊನೆಗೆ ನಿಜವಾದ ಕೋವಿ ಮಿಸ್ತ್ರಿ ಸಿಕ್ಕಿದರು. ಅತ್ತಾವರದಲ್ಲಿದ್ದರು. ಪಲ್ಟನ್ನಿನಲ್ಲಿ ಕೋವಿ ರಿಪೇರಿ ಮಾಡಿ ನಿವೃತ್ತರಾದವರು ಎಂದು ಅವರೇ ಹೇಳಿದರು. ಅವರನ್ನು ಗಾಡಿ ಕಳಿಸಿ ಮನೆಗೆ ಕರೆಸಿದೆವು. ಅವರು ಬೋಲ್ಟನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದರು, ಕಣ್ಣು ಮುಚ್ಚಿದರು, ತೆರೆದರು, ಮತ್ತು ಗಂಭೀರವಾಗಿ ಒಂದೇ ಶಬ್ದ ಹೇಳಿದರು:

"ಹೆಡ್‌ಸ್ಪೇಸ್."

ಸಂದಿಗೆ ಇಂಗ್ಲಿಷಿನಲ್ಲಿ ಹಾಗೆನ್ನುತ್ತಾರಂತೆ. ಧಣಿಗಳ ಮುಖ ಅರಳಿತು. ಇಷ್ಟು ದಿನ ಮನೆಯಲ್ಲಿ ಇದ್ದದ್ದು ಬರೀ ಸಂದು. ಈಗ ಅದು ದೊಡ್ಡವರ ಕಾಯಿಲೆಯಾಯಿತು. ಅಂದು ಸಂಜೆ ಬಂದವರಿಗೆಲ್ಲ ಅವರು, "ನಮ್ಮ ಎರಡು ಕೋವಿಗೂ ಹೆಡ್‌ಸ್ಪೇಸ್," ಎಂದು ಹೇಳಿಕೊಂಡರು, ಮಗ ಮದರಾಸಿನಲ್ಲಿ ಓದುತ್ತಿದ್ದಾನೆ ಎಂದು ಹೇಳಿಕೊಳ್ಳುವ ಹಾಗೆ.

"ಮದ್ದು ಎಂತ?" ಎಂದು ನಾನು ಮಿಸ್ತ್ರಿಯನ್ನು ಕೇಳಿದೆ.

"ಹೊಸ ಬೋಲ್ಟು. ವಿಲಾಯತಿಯಿಂದ ಬರಬೇಕು. ಆರು ತಿಂಗಳು."

"ದೊರೆಗಳು ಮುಂದಿನ ವಾರ ಬರ್ತಾರೆ!"

"ಹಾಗಾದ್ರೆ ಸ್ವಲ್ಪ ಅರ ಹಾಕಿ ಸರಿ ಮಾಡಿ ಕೊಡ್ತೇನೆ," ಎಂದು ಅವರೂ ಅರ ತೆಗೆದರು. ನಾನು ತಡೆಯಲು ಹೋದೆ. "ಪಲ್ಟನ್ನಿನವರಿಗೆ ನೀವು ಕಲಿಸುದಾ ರೈಟ್ರೇ?" ಎಂದು ಧಣಿಗಳು ಗದರಿಸಿದರು. ಅರ ಓಡುತ್ತಿರುವಾಗ ನನ್ನ ದೃಷ್ಟಿ ಮಿಸ್ತ್ರಿಯ ಬಲಗೈಯ ಮೇಲೆ ಬಿತ್ತು. ಎರಡು ಬೆರಳು ಇರಲಿಲ್ಲ.

"ಈ ಬೆರಳು ಎಂತಾಯ್ತು?" ಎಂದು ಮೆಲ್ಲಗೆ ಕೇಳಿದೆ.

"ಒಂದು ಹೋದದ್ದು ಕೋವಿ ರಿಪೇರಿ ಮಾಡುವಾಗ."

"ಇನ್ನೊಂದು?"

"ರಿಪೇರಿ ಆಯ್ತಾ ಅಂತ ನೋಡುವಾಗ."

೭. ಮೊದಲ ಗುಂಡಿನ ಗೌರವ

ಹೊಡೆದು ನೋಡುವ ಕೆಲಸವನ್ನು ನಾನು ಮುಂದೆ ತಳ್ಳುತ್ತ ಬಂದೆ. ಇಂದು ಅಮಾವಾಸ್ಯೆ ಎಂದೆ, ಇಂದು ಶನಿವಾರ ಎಂದೆ, ಎಣ್ಣೆ ಇನ್ನೂ ಆರಿಲ್ಲ ಎಂದೆ. ಧಣಿಗಳು ಹೆಚ್ಚು ಒತ್ತಾಯಿಸಲಿಲ್ಲ. ನಾನು ಹೊಡೆಯುವಾಗ ಅವರೂ ಹತ್ತಿರ ನಿಲ್ಲಬೇಕಾಗುತ್ತಿತ್ತಲ್ಲ. ಹೀಗೆ ಒಂದು ಗುಂಡೂ ಹಾರದೆ ಶಿಕಾರಿಯ ದಿನವೇ ಬಂದುಬಿಟ್ಟಿತು. ದೊಡ್ಡ ದೊರೆ ಇರುವಾಗ ಗುಮಾಸ್ತನ ಕೈಗೆ ಕೋವಿ ಬರುವುದಿಲ್ಲ, ಬದುಕಿದೆ ಎಂದುಕೊಂಡೆ. ಸರಕಾರದ ಪದ್ಧತಿ ನನಗೆ ತಿಳಿದಿರಲಿಲ್ಲ.

ಬೆಳಿಗ್ಗೆ ಗುಡ್ಡದ ಬುಡದಲ್ಲಿ ದೊರೆ, ತಹಶೀಲ್ದಾರರು, ಪೊಲೀಸ್ ಇನ್ಸ್‌ಪೆಕ್ಟರರು ಸೇರಿದರು. ಧಣಿಗಳು ತಲೆಗೆ ಜರಿಯ ಮುಂಡಾಸು ಸುತ್ತಿದ್ದರು. ಹಂದಿ ಎಬ್ಬಿಸುವವರು ಡೋಲು ಬಡಿಯುತ್ತ ಮೇಲಿನಿಂದ ಇಳಿಯತೊಡಗಿದರು. ಧಣಿಗಳು ಎರಡೂ ಕೈಯಲ್ಲಿ ರೈಫಲನ್ನು ಹಿಡಿದು, ನೈವೇದ್ಯದ ಹಾಗೆ ದೊರೆಯ ಮುಂದೆ ಒಡ್ಡಿದರು. ಮೊದಲ ಗುಂಡು ದೊರೆಗಳದೇ ಆಗಬೇಕು ಎಂದು ತಹಶೀಲ್ದಾರರು ಇಂಗ್ಲಿಷಿನಲ್ಲಿ ಅರಿಕೆ ಮಾಡಿದರು.

ದೊರೆ ಬೋಲ್ಟು ತೆರೆದು ನೋಡಿದರು. ಮುಚ್ಚಿ ಅಲುಗಿಸಿದರು. ಧಣಿಗಳ ಮೀಸೆಯ ಸಂಗತಿ ಅವರ ಕಿವಿಯವರೆಗೂ ಹೋಗಿತ್ತೆಂದು ಕಾಣುತ್ತದೆ. ಧಣಿಗಳ ಮೇಲ್ದುಟಿಯನ್ನು ಒಮ್ಮೆ ನೋಡಿದರು. ಆಮೇಲೆ ನಗುತ್ತ, ಈ ಗೌರವ ತಮ್ಮ ತಹಶೀಲ್ದಾರರಿಗೆ ಸಲ್ಲಲಿ ಎಂದು ರೈಫಲನ್ನು ಅವರ ಕೈಗೆ ಕೊಟ್ಟರು.

ತಹಶೀಲ್ದಾರರು ಬೆವರಿದರು. "ದೊರೆಗಳ ಎದುರಿಗೆ ನಾನು ಹೊಡೆಯುವುದು ಸರಿಯಲ್ಲ. ಆಯುಧ ಪೊಲೀಸರಿಗೆ ಶೋಭೆ," ಎಂದು ಇನ್ಸ್‌ಪೆಕ್ಟರರಿಗೆ ದಾಟಿಸಿದರು.

ಇನ್ಸ್‌ಪೆಕ್ಟರರು ಅಟೆನ್ಷನ್ ನಿಂತರು. "ನಾನು ಯೂನಿಫಾರ್ಮಿನಲ್ಲಿದ್ದೇನೆ. ಸರಕಾರಿ ಕೋವಿ ಬಿಟ್ಟು ಬೇರೆ ಮುಟ್ಟುವ ಹಾಗಿಲ್ಲ. ಮನೆಯ ವಾರಸುದಾರರು ಹೊಡೆಯಲಿ," ಎಂದು, ಮುಟ್ಟಬಾರದ ಆ ಕೋವಿಯನ್ನು ಅಳಿಯನ ಕೈಯಲ್ಲಿಟ್ಟರು.

ಅಳಿಯ ಧಣಿಗಳನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. "ಮಾವ ಇರುವಾಗ..." ಎಂದವರು ವಾಕ್ಯ ಮುಗಿಸುವ ಮೊದಲೇ ರೈಫಲು ನನ್ನ ಕೈಯಲ್ಲಿತ್ತು.

ನಾನು ಕೆಳಗೆ ನೋಡಿದೆ. ನನಗಿಂತ ಕೆಳಗೆ ಯಾರೂ ಇರಲಿಲ್ಲ. ಡೋಲು ಬಡಿಯುವವರು ಗುಡ್ಡದ ಮೇಲಿದ್ದರು.

ಕೊನೆಯ ಉಪಾಯವಾಗಿ ಗಟ್ಟಿಯಾಗಿ ಹೇಳಿದೆ: "ನನಗೆ ಲೈಸೆನ್ಸ್ ಇಲ್ಲ! ದೊರೆಗಳ ಎದುರೇ ಕಾನೂನು ಮುರಿಯಲಾರೆ!"

"ಹೌದಾ?" ಎಂದರು ಇನ್ಸ್‌ಪೆಕ್ಟರರು. "ಹಾಗಾದ್ರೆ ಇದನ್ನು ಚಾಪೆಯಲ್ಲಿ ಸುತ್ತಿಕೊಂಡು ಊರೆಲ್ಲ ತಿರುಗಿದ್ದು ಯಾರು?"

ಒಂದು ಕಡೆ ಜೈಲು, ಒಂದು ಕಡೆ ಕಣ್ಣು. ತಹಶೀಲ್ದಾರರು ದೊರೆಗೆ ವಿವರಿಸಿದರು. ದೊರೆ ಬಹಳ ದಯಾಳು. ಧಣಿಗಳ ಲೈಸೆನ್ಸಿನಲ್ಲಿ ಇವನ ಹೆಸರನ್ನೂ ಸೇರಿಸಿ ಎಂದು ಅಲ್ಲೇ ಅಪ್ಪಣೆ ಮಾಡಿದರು. ಜನ ಒಂದು ಲೈಸೆನ್ಸಿಗಾಗಿ ವರ್ಷಗಟ್ಟಲೆ ಕಚೇರಿಯ ಮೆಟ್ಟಿಲು ಹತ್ತುತ್ತಾರೆ. ನನಗೆ ಅದು ನಿಂತ ಕಾಲಲ್ಲಿ, ಬೇಡ ಬೇಡ ಎನ್ನುತ್ತಿರುವಾಗಲೇ ಸಿಕ್ಕಿತು.

ಅಷ್ಟರಲ್ಲಿ ಪೊದೆಯಿಂದ ಹಂದಿ ಹೊರಬಂದು ಬಯಲಲ್ಲಿ ನಿಂತಿತು. ನಾನು ತೋಟೆ ಹಾಕಿದೆ. ಹಿಂದೆ ಸರಸರ ಸದ್ದಾಯಿತು. ತಿರುಗಿ ನೋಡಿದರೆ ಸರಕಾರವೆಲ್ಲ ಗೇರುಮರಗಳ ಹಿಂದೆ ಇತ್ತು. ಅಳಿಯ ಮಾವನ ಹಿಂದೆ ಇದ್ದರು. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ, ಮುಖವನ್ನು ಆದಷ್ಟು ಆಚೆ ತಿರುಗಿಸಿ, ಹೆಂಡತಿಯನ್ನು ನೆನೆದು, ಕೋವಿಯ ಕುದುರೆ ಎಳೆದೆ.

ಟಿಕ್.

ಅಷ್ಟೇ. ಹಂದಿ ತಲೆಯೆತ್ತಿ ನೋಡಿತು.

"ಇನ್ನೊಂದು ಕೊಡಿ! ಇನ್ನೊಂದು!" ಎಂದು ಧಣಿಗಳು ಮರದ ಹಿಂದಿನಿಂದಲೇ ಕೂಗಿದರು. ಎರಡನೆಯ ರೈಫಲಿಗೂ ತೋಟೆ ಹಾಕಿ ಎಳೆದೆ.

ಟಿಕ್.

ಹಂದಿ ಇನ್ನೂ ಸ್ವಲ್ಪ ಹೊತ್ತು ಕಾದಿತು. ಆಮೇಲೆ ಓಡದೆ, ಕೆಲಸವಾಗದ ಕಚೇರಿಯಿಂದ ಹೊರಡುವವರ ಹಾಗೆ ನಿಧಾನವಾಗಿ ನಡೆದು ಹೋಯಿತು.

ದೊರೆ ಬಂದು ಎರಡೂ ಬೋಲ್ಟುಗಳನ್ನು ಪರೀಕ್ಷಿಸಿದರು. ತೋಟೆ ಸಿಡಿಯಬೇಕಾದರೆ ಬೋಲ್ಟಿನೊಳಗಿನ ಸೂಜಿ ಬಂದು ಅದರ ಬೆನ್ನಿಗೆ ಕುಟ್ಟಬೇಕು. ಆಚಾರಿ, ಫಿಟ್ಟರ, ಪಲ್ಟನ್ನಿನ ಮಿಸ್ತ್ರಿ ಎಲ್ಲರೂ ಸೇರಿ ಕಿವಿ ಸವೆಸಿ ಸವೆಸಿ ಬೋಲ್ಟು ಎಷ್ಟು ಹಿಂದೆ ಸರಿದಿತ್ತೆಂದರೆ, ಸೂಜಿ ತೋಟೆಯವರೆಗೆ ತಲುಪುತ್ತಲೇ ಇರಲಿಲ್ಲ. ಇನ್ನು ಆ ಕೋವಿಗಳಿಂದ ಹೊಡೆಯುವವನಿಗೂ ಅಪಾಯವಿಲ್ಲ, ಹೊಡೆಸಿಕೊಳ್ಳುವವನಿಗೂ ಇಲ್ಲ. ನಾನು ಎರಡೂ ಕಣ್ಣುಗಳನ್ನು ಮುಟ್ಟಿ ನೋಡಿಕೊಂಡು ಅಲ್ಲೇ ಒಂದು ಕಲ್ಲಿನ ಮೇಲೆ ಕೂತೆ.

ದೊರೆ ಟೋಪಿ ಬೀಳುವವರೆಗೆ ನಕ್ಕರು. ದೊರೆ ನಕ್ಕರೆಂದು ತಹಶೀಲ್ದಾರರು ನಕ್ಕರು, ತಹಶೀಲ್ದಾರರು ನಕ್ಕರೆಂದು ಇನ್ಸ್‌ಪೆಕ್ಟರರು ನಕ್ಕರು. ಕಣ್ಣೊರೆಸಿಕೊಳ್ಳುತ್ತ ದೊರೆ ಇಂಗ್ಲಿಷಿನಲ್ಲಿ ಏನೋ ಹೇಳಿದರು.

ಧಣಿಗಳು ಗಾಬರಿಯಿಂದ, "ಎಂತ ಹೇಳಿದ್ರು? ಸಿಟ್ಟಾಯ್ತಾ?" ಎಂದು ಕೇಳಿದರು.

"ಇಲ್ಲ, ಇಲ್ಲ," ಎಂದು ತಹಶೀಲ್ದಾರರು ಗಂಟಲು ಸರಿಮಾಡಿಕೊಂಡರು. "ಹಿಂದೂಸ್ಥಾನದ ಪ್ರತಿಯೊಬ್ಬನ ಕೈಯಲ್ಲೂ ಇಂಥದೇ ಕೋವಿ ಇರಬೇಕು, ಆಗ ದೊರೆಗಳೆಲ್ಲ ನೆಮ್ಮದಿಯಿಂದ ನಿದ್ದೆ ಮಾಡಬಹುದು ಅಂತ ಹೇಳಿದರು."

ಧಣಿಗಳು ಮುಂಡಾಸಿನ ಸೆರಗಿನಿಂದ ಕಣ್ಣೀರು ಒರೆಸಿಕೊಂಡರು. "ಕೇಳಿದಿರಾ ರೈಟ್ರೇ," ಎಂದರು ಗದ್ಗದವಾಗಿ, "ಸರಕಾರಕ್ಕೆ ನಮ್ಮ ಮೇಲೆ ಎ‌ಷ್ಟು ನಂಬಿಕೆ!"